ಶ್ರೀಲಂಕಾಕ್ಕೆ ಯಾವ ತಿಂಗಳು? ಮೊದಲು ಯಾವ ಕಡೆ ಅಂತ ನೋಡಿ

ಶ್ರೀಲಂಕಾ ಪ್ರವಾಸ ಹಾಕಿಕೊಳ್ಳುವವರು ಸುಮ್ನೆ ಅಗ್ಗದ ಟಿಕೆಟ್ ನೋಡಿ ಬುಕ್ ಮಾಡಬೇಡಿ. ಪುಟ್ಟ ದ್ವೀಪವಾದರೂ ಅಲ್ಲಿ ಎರಡು ಮಳೆಗಾಲ.

ನಮ್ಮ ಮುಂಗಾರು ಬರುವ ಹೊತ್ತಿಗೇ, ಅಂದರೆ ಮೇ ಕೊನೆಯಿಂದ ಸೆಪ್ಟೆಂಬರ್ ತನಕ, ದಕ್ಷಿಣ, ಪಶ್ಚಿಮ ತೀರದ ಗಾಲೆ, ಬೆಂಟೋಟ, ಮಿರಿಸ್ಸ ಕಡೆ ಮಳೆ ಜಾಸ್ತಿ, ಸಮುದ್ರವೂ ಒರಟು. ಆದರೆ ನಡುವಿನ ಬೆಟ್ಟಗಳು ಮೋಡ ತಡೆಯುವುದರಿಂದ ಪೂರ್ವದ ಟ್ರಿಂಕೋಮಲಿ, ಪಾಸಿಕುಡಾದಲ್ಲಿ ಆಗ ಒಳ್ಳೇ ಬಿಸಿಲು. ಚಿಕ್ಕ ಮಕ್ಕಳಿದ್ದರೆ ನಾನು ಪಾಸಿಕುಡಾ ಅಂತಲೇ ಹೇಳುತ್ತೇನೆ. ದಡದಿಂದ ಬಹಳ ದೂರ ನಡೆದರೂ ನೀರು ಸೊಂಟದ ಮಟ್ಟ ದಾಟುವುದಿಲ್ಲ, ಅಲೆಯೂ ಕಡಿಮೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದರೆ ದಾರಿಯಲ್ಲಿ ಮಿನ್ನೇರಿಯ ರಾಷ್ಟ್ರೀಯ ಉದ್ಯಾನ ಬಿಡಬೇಡಿ. ಕೆರೆ ನೀರು ಇಳಿದು ಹಸಿರು ಹುಲ್ಲು ಚಿಗುರಿರುತ್ತದೆ, ಮೇಯಲು ಆನೆಗಳು ಹಿಂಡು ಹಿಂಡಾಗಿ ಬರುತ್ತವೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಉಲ್ಟಾ. ಆಗ ದಕ್ಷಿಣಕ್ಕೇ ಹೋಗಿ, ಮಿರಿಸ್ಸದಲ್ಲಿ ದೋಣಿ ಹತ್ತಿ ನೀಲಿ ತಿಮಿಂಗಿಲ ನೋಡಬಹುದು. ಕ್ರಿಸ್ಮಸ್ ವಾರದಲ್ಲಿ ರೂಮ್ ದುಬಾರಿ, ಜನವೂ ಜಾಸ್ತಿ, ಫೆಬ್ರವರಿ ವಾಸಿ ಅಲ್ವಾ?

ಅಕ್ಟೋಬರ್, ನವೆಂಬರ್ ಬೇಡ, ಎಲ್ಲ ಕಡೆಯೂ ಮಳೆ. ಏಪ್ರಿಲ್ ರಜೆಗೆ ಹೊರಟವರು 13, 14ನೇ ತಾರೀಖು ಗಮನಿಸಿ. ಅಲ್ಲಿನ ಜನರಿಗೆ ಆಗ ಹೊಸ ವರ್ಷ, ಬಹಳಷ್ಟು ಅಂಗಡಿ, ಹೋಟೆಲ್ ಬಾಗಿಲು ಹಾಕಿರುತ್ತವೆ.