ಪೆರುಗೆ ಮಿಷನ್ ಕಾಲ್ ಬಂದಿದ್ಯಾ? ಪಾಠ ಆಮೇಲೆ, ಮೊದ್ಲು ಅಲ್ಲಿ ಬದುಕೋದು ಹೇಗೆ ನೋಡಿ

ಜನ ಮಾರ್ಮನ್ ಅಂತ ಕರೆಯೋ ಲ್ಯಾಟರ್-ಡೇ ಸೇಂಟ್ಸ್ ಚರ್ಚಿಂದ ಮಿಷನ್ ಕಾಲ್ ಬಂತು, ಅಂದ್ರೆ ಧರ್ಮ ಪ್ರಚಾರಕ್ಕೆ ಹೋಗಿ ಅನ್ನೋ ಕರೆ, ಅದ್ರಲ್ಲಿ ಪೆರು ಅಂತ ಬಂತು, ಮನೆಯವ್ರು ಅತ್ರು ನಕ್ರು, ಈಗ ಖಾಲಿ ಸೂಟ್‌ಕೇಸ್ ಮುಂದೆ ಕೂತು ಏನ್ ತುಂಬ್ಲಿ ಅಂತ ಯೋಚ್ನೆ ಮಾಡ್ತಿದೀರಾ ಅಂದ್ರೆ ಇದು ನಿಮಗೇ. ಜನರ ಹತ್ರ ದೇವರ ವಿಷ್ಯ ಹೇಗೆ ಮಾತಾಡ್ಬೇಕು ಅನ್ನೋದನ್ನ ಟ್ರೇನಿಂಗ್ ಸೆಂಟರಲ್ಲಿ ಚೆನ್ನಾಗೇ ಹೇಳ್ಕೊಡ್ತಾರೆ, ಅದು ನನ್ ಕೆಲ್ಸ ಅಲ್ಲ. ಊಟ, ನಾಯಿ, ಬಸ್ಸು, ಬಟ್ಟೆ ಒಗೆಯೋದು, ದಿನಪೂರ್ತಿ ಪಕ್ಕದಲ್ಲೇ ಇರೋ ಕಂಪ್ಯಾನಿಯನ್ನು, ಇವುಗಳ ಬಗ್ಗೆ ಯಾರೂ ಕೂರ್ಸಿ ಹೇಳಲ್ಲ. ನನ್ ಕೇಳಿದ್ರೆ ಮಿಷನ್ ಮುಕ್ಕಾಲು ಪಾಲು ಇದೇ, ಇದು ಸರಿಹೋದ್ರೆ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ.

ಲೆಕ್ಕಾಚಾರದ್ದು ಬೇಗ ಮುಗಿಸ್ಬಿಡ್ತೀನಿ. ಹುಡುಗರಿಗೆ 24 ತಿಂಗಳು, ಹುಡುಗೀರಿಗೆ 18 ತಿಂಗಳು. 2012ರಲ್ಲಿ ಹುಡುಗರ ವಯಸ್ಸು 19ರಿಂದ 18ಕ್ಕೆ ಇಳಿಸಿದ್ಮೇಲೆ ಹೈಸ್ಕೂಲ್ ಮುಗಿಸಿ ನೇರ ಬರೋರೇ ಜಾಸ್ತಿ. ಸಂಬಳ ಇಲ್ಲ, ಉಲ್ಟಾ ಅಮೆರಿಕದಿಂದ ಹೋಗೋರು 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್ ಕಟ್ಬೇಕು, ಯಾವ ದೇಶಕ್ಕೆ ಹೋದ್ರೂ ಅಷ್ಟೇ. ಸ್ಪ್ಯಾನಿಷ್ ಬರದೇ ಇರೋರಿಗೆ ಸುಮಾರು 6 ವಾರ ಟ್ರೇನಿಂಗು, ಯೂಟಾದ ಪ್ರೊವೊದಲ್ಲೋ ಮೆಕ್ಸಿಕೊ ಸಿಟಿಯಲ್ಲೋ. ಎದೆ ಮೇಲೆ ಕಪ್ಪು ಬ್ಯಾಡ್ಜು, ಅದ್ರಲ್ಲಿ ಹುಡುಗ್ರಾದ್ರೆ ಎಲ್ಡರ್, ಹುಡುಗೀರಾದ್ರೆ ಎರ್ಮಾನಾ, ಪಕ್ಕದಲ್ಲಿ ಮನೆತನದ ಹೆಸರು. ನಿಮ್ ಸ್ವಂತ ಹೆಸರು ಮರ್ತುಬಿಡಿ, ಅದನ್ನ ಯಾರೂ ಕರೆಯಲ್ಲ. 2018ರಲ್ಲಿ ಚರ್ಚಿನ ದೊಡ್ಡವ್ರು ಮಾರ್ಮನ್ ಅನ್ಬೇಡಿ, ಪೂರ್ತಿ ಹೆಸರೇ ಹೇಳಿ ಅಂದಿದ್ದಾರೆ ನಿಜ, ಆದ್ರೆ ಬೀದಿಲಿ ಜನ ಲೊಸ್ ಮೊರ್ಮೊನೆಸ್ ಅಂತ್ಲೇ ಕೂಗೋದು, ಅದಕ್ಕೆಲ್ಲ ಮುಖ ಗಂಟು ಹಾಕ್ಕೋಬೇಡಿ.

ಮೊದಲ ವಾರದ ದೊಡ್ಡ ಶಾಕ್ ಭಾಷೆ. 6 ವಾರ ಕಲ್ತಿದ್ದು ಏರ್‌ಪೋರ್ಟಿಂದ ಆಚೆ ಬರೋಷ್ಟ್ರಲ್ಲಿ ಆವಿಯಾಗುತ್ತೆ, ಎಲ್ರಿಗೂ ಹಂಗೇ, ಗಾಬರಿ ಬೇಡ. ನಿಮಗಿಂತ ದೊಡ್ಡವ್ರಿಗೂ ಇದೇ ಆಗಿದೆ, ಪಾರ್ಲಿ ಪ್ರಾಟ್ ಅಂತ ಚರ್ಚಿನ ಅಪೊಸ್ತಲರೊಬ್ರು 1851ರ ನವೆಂಬರಲ್ಲಿ ಹೆಂಡ್ತಿ ಫೀಬಿ ಮತ್ತೆ ಇನ್ನೊಬ್ಬ ಜೊತೆಗಾರನ್ನ ಕರ್ಕೊಂಡು ಚಿಲಿಯ ವಾಲ್ಪರೈಸೊಗೆ ಹೋಗಿಳಿದ್ರು, ಸ್ಪ್ಯಾನಿಷ್ ಸರಿಯಾಗಿ ಬರ್ತಿರ್ಲಿಲ್ಲ, ಕೈಲಿ ಕಾಸಿರ್ಲಿಲ್ಲ, ಅಲ್ಲೇ ಹುಟ್ಟಿದ ಮಗು ಅಲ್ಲೇ ತೀರ್ಕೊಂತು, 1852ರ ಮಾರ್ಚಲ್ಲಿ ವಾಪಸ್ ಹಡಗು ಹತ್ತಿದ್ರು. ಅವರಿಗೆ ಟ್ರೇನಿಂಗ್ ಸೆಂಟರೂ ಇರ್ಲಿಲ್ಲ, ಸ್ಪ್ಯಾನಿಷ್ ತಿದ್ದೋಕೆ ಭಾಷೆ ಬರೋ ಕಂಪ್ಯಾನಿಯನ್ನೂ ಇರ್ಲಿಲ್ಲ, ನಿಮಗೆ ಎರಡೂ ಇದೆ.

ಭಾಷೆಗೆ ನಾನು ಹೇಳೋದು ಇಷ್ಟು. ಶರ್ಟ್ ಜೇಬಲ್ಲಿ ಹಿಡಿಯೋಷ್ಟು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಕೇಳಿದ ಪದ ಕೇಳಿದ ಹಾಗೇ ಬರ್ಕೊಳ್ಳಿ, ರಾತ್ರಿ ಕಂಪ್ಯಾನಿಯನ್ನ ಕೇಳಿ. ಬೆಳಿಗ್ಗೆ ಲ್ಯಾಂಗ್ವೇಜ್ ಸ್ಟಡಿ ಟೈಮಲ್ಲಿ ಮನಸಲ್ಲೇ ಓದ್ಬೇಡಿ, ಜೋರಾಗಿ ಬಾಯ್ಬಿಟ್ಟು ಓದಿ, ನಾಲಿಗೆ ಹೊರಳ್ಬೇಕು. ದೊಡ್ಡವ್ರಿಗೆಲ್ಲ ಉಸ್ತೆದ್, ಅಂದ್ರೆ ನೀವು ಅಂತ್ಲೇ ಮಾತಾಡಿ, ತೂ, ಅಂದ್ರೆ ನೀನು ಅನ್ನೋದು ಮಕ್ಕಳಿಗೆ ಸಾಕು. ಇನ್ನು ಒಳ್ಳೇ ಮೇಷ್ಟ್ರು ಬೇಕು ಅಂದ್ರೆ ಏಳೆಂಟು ವರ್ಷದ ಮಕ್ಕಳನ್ನ ಹುಡ್ಕಿ, ದೊಡ್ಡವ್ರು ಮರ್ಯಾದೆಗೆ ಪರ್ವಾಗಿಲ್ಲ ಅಂತ ಬಿಟ್ಬಿಡ್ತಾರೆ, ಮಕ್ಕಳು ಬಿಡಲ್ಲ, ಬಿದ್ದು ಬಿದ್ದು ನಕ್ಕು ಸರಿ ಮಾಡೇ ಮಾಡ್ತಾರೆ. ಕುಸ್ಕೊ, ಪುನೊ ಕಡೆ ಹಾಕಿದ್ರೆ ಅಜ್ಜಿ ತಾತಂದಿರಿಗೆ ಸ್ಪ್ಯಾನಿಷೇ ಎರಡನೇ ಭಾಷೆ, ಮನೇಲಿ ಕೆಚುವಾ ಮಾತಾಡ್ತಾರೆ. ಅಲ್ಲಿ ಒಂದ್ಸಲ ಅಲ್ಲಿಯಾಂಚು ಅಂತ ಹೇಳಿ ನೋಡಿ, ಚೆನ್ನಾಗಿದೀರಾ ಅಂತ ಕೇಳ್ದಂಗೆ, ಮುಖ ಹೇಗೆ ಅರಳುತ್ತೆ ಅಂತ ನೀವೇ ನೋಡ್ತೀರಾ.

ಈಗ ಊಟ, ಇದನ್ನ ಸ್ವಲ್ಪ ಎಳ್ದೇ ಹೇಳ್ತೀನಿ ಯಾಕಂದ್ರೆ ಹೊಸಬ್ರು ಎಡವೋದು ಇಲ್ಲೇ. ಪೆರುವಲ್ಲಿ ಬಹಳಷ್ಟು ಕಡೆ ನೀವೇ ಅಡುಗೆ ಮಾಡ್ಕೊಳ್ಳೋದಿಲ್ಲ, ವಾರ್ಡಿನ, ಅಂದ್ರೆ ಅಲ್ಲಿನ ಚರ್ಚ್ ಸಭೆಯ ಒಬ್ಬ ಹೆಂಗಸು ದುಡ್ಡು ತಗೊಂಡು ಮಿಷನರಿಗಳಿಗೆ ಅಡುಗೆ ಮಾಡಿ ಹಾಕ್ತಾರೆ, ಪೆನ್ಸಿಯೊನಿಸ್ತಾ ಅಂತಾರೆ, ಕರೆಯೋದು ಮಾತ್ರ ಮಮಿತಾ ಅಂತ. ನಿಮ್ ಮಿಷನ್ ಪ್ರೆಸಿಡೆಂಟ್‌ಗಿಂತ ನಿಮ್ ಆರೋಗ್ಯ, ಮೂಡು, ಊರಿನ ಸುದ್ದಿ ಎಲ್ಲ ಇವ್ರ ಕೈಲಿ ಇರುತ್ತೆ ಅನ್ಕೊಳ್ಳಿ. ಮಧ್ಯಾಹ್ನದ ಊಟವೇ ದೊಡ್ಡ ಊಟ, ಮೊದ್ಲು ಒಂದು ಬಟ್ಟಲು ಸೂಪು, ಅದರಲ್ಲೇ ನೂಡಲ್ಸು ಆಲೂಗಡ್ಡೆ ಕೋಳಿ ಎಲ್ಲ ಇರುತ್ತೆ, ಅದನ್ನೇ ಊಟ ಅಂದ್ಕೊಂಡು ಹೊಟ್ಟೆ ತುಂಬಿಸ್ಕೋಬೇಡಿ, ಆಮೇಲೆ ಸೆಗುಂದೊ ಬರುತ್ತೆ, ಅನ್ನದ ಗುಡ್ಡ, ಅದ್ರ ಪಕ್ಕ ಮತ್ತೆ ಆಲೂಗಡ್ಡೆ, ಮೇಲೆ ಮಾಂಸ. ಲೊಮೊ ಸಲ್ತಾದೊ ಅಂದ್ರೆ ಹುರಿದ ದನದ ಮಾಂಸ, ಅರ್ರೋಸ್ ಕೊನ್ ಪೊಯ್ಯೊ ಅಂದ್ರೆ ಕೋಳಿ ಅನ್ನ, ಇವು ಬಂದ ದಿನ ಹಬ್ಬ. ಕೌ ಕೌ ಅಂದ್ರೆ ಹಸುವಿನ ಹೊಟ್ಟೆ ತುಂಡು, ಅಂತಿಕುಚೊ ಅಂದ್ರೆ ಕಡ್ಡಿಗೆ ಚುಚ್ಚಿ ಸುಟ್ಟ ಹೃದಯ, ಬೆಟ್ಟದ ಕಡೆ ವಿಶೇಷ ಅತಿಥಿಗೆ ಕುಯ್, ಅಂದ್ರೆ ಗಿನಿಪಿಗ್, ತಲೆ ಕಾಲು ಸಮೇತ ತಟ್ಟೆಗೆ ಬರುತ್ತೆ. ಮನೇಲಿ ಸಾಕಿದ್ದನ್ನ ನಿಮಗೋಸ್ಕರ ಕೊಯ್ದಿದ್ದಾರೆ ಅಂತ ತಿಳ್ಕೊಂಡು ತಿನ್ನಿ. ಪೂರ್ತಿ ಆಗ್ಲಿಲ್ಲ ಅಂದ್ರೆ ಮೊದಲೇ ಸ್ವಲ್ಪ ಬಡ್ಸಿ ಅಂತ ಕೇಳ್ಬೇಕಿತ್ತು, ತಟ್ಟೇಲಿ ಬಿಟ್ಟು ಏಳೋದು ಆ ಮನೇಲಿ ತುಂಬಾ ಬೇಜಾರಿನ ವಿಷ್ಯ. ಊಟ ಮಾಡ್ತಿರೋರ ಮುಂದೆ ಹಾದುಹೋಗುವಾಗ ಪ್ರೊವೆಚೊ ಅನ್ನಿ, ಚೆನ್ನಾಗಿ ಊಟ ಮಾಡಿ ಅಂದಂಗೆ, ಗುರುತಿಲ್ದಿದ್ರೂ ಅನ್ನಿ. ನಿಮ್ದು ಮುಗಿದ್ಮೇಲೆ ಗ್ರಾಸಿಯಸ್ ಅಂತ ಹೇಳಿ ತಟ್ಟೆ ನೀವೇ ತೊಳಿಯೋಕೆ ಹೋಗಿ, ಬಿಡಲ್ಲ, ಆದ್ರೂ ಹೋಗಿ.

ನಿಮಗೆ ಕಾಫಿ ಟೀ ಮದ್ಯ ತಂಬಾಕು ಇಲ್ಲ, ಇದು ಮಮಿತಾಗೆ ಗೊತ್ತಿರುತ್ತೆ, ಹೊಸ ಮನೆಯವ್ರಿಗೆ ಗೊತ್ತಿರಲ್ಲ. ಕಾಫಿ ಕಪ್ ತಂದಿಟ್ಮೇಲೆ ಬೇಡ ಅನ್ನೋದಕ್ಕಿಂತ ಅವ್ರು ಒಲೆ ಹಚ್ಚೋಕೆ ಏಳುವಾಗ್ಲೇ ನಗ್ತಾ ಹೇಳ್ಬಿಡಿ, ನೀರು ಸಾಕು, ಇಲ್ಲ ಚಿಚಾ ಮೊರಾದಾ ಇದ್ರೆ ಕೊಡಿ ಅಂತ, ನೇರಳೆ ಜೋಳ ಕುದಿಸಿ ಮಾಡೋ ತಂಪು ಪಾನೀಯ ಅದು, ಮತ್ತೇರಲ್ಲ. ನಲ್ಲಿ ನೀರು ಕುಡಿಯಲೇಬೇಡಿ, ಕುದಿಸಿದ್ದು ಇಲ್ಲ ಫಿಲ್ಟರ್ ಮಾಡಿದ್ದು ಮಾತ್ರ. ಸೆವಿಚೆ ಸಿಕ್ಕಾಪಟ್ಟೆ ರುಚಿ, ಆದ್ರೆ ಅದು ಹಸಿ ಮೀನು ನಿಂಬೆರಸದಲ್ಲಿ ನೆನೆಸಿದ್ದು, ಅಲ್ಲಿನ ಜನಾನೇ ಮಧ್ಯಾಹ್ನ ತಿಂತಾರೆ ರಾತ್ರಿ ತಿನ್ನಲ್ಲ, ನೀವೂ ಗಾಡಿ ಸೆವಿಚೆ ಬಿಟ್ಟು ಮಮಿತಾ ಮಾಡಿದ್ದು ತಿನ್ನಿ. ಹೊಟ್ಟೆ ಕೆಟ್ಟೇ ಕೆಡುತ್ತೆ ಒಂದಲ್ಲ ಒಂದಿನ, ಮೂರ್ನಾಲ್ಕು ದಿನವಾದ್ರೂ ನಿಲ್ಲದಿದ್ರೆ ಹೀರೋ ಥರ ಸಹಿಸ್ಕೋಬೇಡಿ, ಮಿಷನ್ ಆಫೀಸಿಗೆ ಫೋನ್ ಮಾಡಿ.

ಮನೆ ಮನೆಗೆ ಹೋಗೋದು ಬಂದ್ರೆ, ಲಿಮಾ ಸುತ್ತ ಕೊಮಾಸ್, ಸಾನ್ ಹುವಾನ್ ದೆ ಲುರಿಗಾಂಚೊ ಅಂತ ದೊಡ್ಡ ದೊಡ್ಡ ಏರಿಯಾ, ಮನೆಗಳು ಬರೀ ಧೂಳಿನ ಗುಡ್ಡಗಳ ಮೇಲೆ, ಮೆಟ್ಟಿಲು ಹತ್ತಿ ಹತ್ತಿ ಶೂ ಸೋಲು ತಿಂಗಳುಗಳಲ್ಲೇ ಮುಗಿಯುತ್ತೆ, ಅದಕ್ಕೇ ದುಡ್ಡು ಉಳಿಸೋಕೆ ಹೋಗ್ಬಾರ್ದ ಒಂದೇ ಒಂದು ವಸ್ತು ಅಂದ್ರೆ ಶೂ. ಬಾಗಿಲು ತಟ್ಟಿದ್ರೆ ಮೇಲಿನ ಕಿಟಕಿಯಿಂದ ಕಿಯೆನ್ ಅಂತ ಒಂದು ದನಿ ಬರುತ್ತೆ, ಯಾರು ಅಂತ. ನೀವು ಹೇಳ್ತೀರಿ. ಒಂದ್ ನಿಮಿಷ ಸದ್ದಿಲ್ಲ. ಆಮೇಲೆ ಒಂದು ಪುಟ್ಟ ಹುಡುಗ ಬಾಗಿಲ ಸಂದೀಲಿ ಮುಖ ಇಟ್ಟು, ಅಮ್ಮ ಮನೇಲಿಲ್ಲ ಅಂತ ಅಮ್ಮ ಹೇಳಿದ್ರು ಅಂತಾನೆ. ನಗು ಬಂದ್ರೂ ತಡ್ಕೊಂಡು, ಅಮ್ಮಂಗೆ ನಮಸ್ಕಾರ ಹೇಳು ಅಂತ ಹೇಳಿ ಮುಂದೆ ಹೋಗಿ. ಪೆರು ಜನ ಮುಖದ ಮೇಲೆ ಆಗಲ್ಲ ಅನ್ನೋದು ಕಡಿಮೆ, ಹೂಂ ನಾಳೆ ಬನ್ನಿ ಅಂತಾರೆ, ನಾಳೆ ಹೋದ್ರೆ ಬೀಗ. ಇನ್ನು ಟೈಮಂತೂ, ಓರಾ ಪೆರುವಾನಾ, ಅಂದ್ರೆ ಪೆರು ಟೈಮು ಅಂತ ಅವ್ರೇ ತಮಾಷೆ ಮಾಡ್ಕೊತಾರೆ, 2007ರ ಮಾರ್ಚಲ್ಲಿ ಅಲಾನ್ ಗಾರ್ಸಿಯಾ ಸರ್ಕಾರ ಜನ ಟೈಮಿಗೆ ಸರಿಯಾಗಿ ಬರ್ಲಿ ಅಂತ ದೇಶಕ್ಕೆಲ್ಲ ಗಡಿಯಾರ ಸರಿ ಮಾಡ್ಕೊಳ್ಳೋ ಅಭಿಯಾನಾನೇ ಮಾಡ್ತು. ಹಂಗಾಗಿ ಒಂದು ಗಂಟೆಗೆ ಒಂದೇ ಅಪಾಯಿಂಟ್‌ಮೆಂಟ್ ನಂಬ್ಕೊಂಡು ಹೋಗ್ಬೇಡಿ, ಅದೇ ಬೀದೀಲಿ ಇನ್ನೆರಡು ಮನೆ ತಲೇಲಿ ಇಟ್ಕೊಂಡೇ ಹೊರಡಿ, ಮೊದಲನೇದು ಬಿದ್ದೋದ್ರೆ ಮತ್ತೆ ಬೆಟ್ಟ ಇಳಿಯೋದು ತಪ್ಪುತ್ತೆ.

ಆ ಗುಡ್ಡದ ಮನೆಗಳಿಗೆ ಎಷ್ಟೋ ಕಡೆ ಪೈಪ್ ನೀರಿಲ್ಲ, ಟ್ಯಾಂಕರ್ ಬಂದು ಕೆಳಗಡೆ ಡ್ರಮ್ಮಿಗೆ ತುಂಬಿ ಹೋಗುತ್ತೆ, ಮೇಲಕ್ಕೆ ಹೊರೋದು ಹೆಂಗಸ್ರು ಮಕ್ಕಳು. ಎರಡು ಬಕೆಟ್ ನೀವು ಎತ್ಕೊಳ್ಳಿ. ಟೈ ಒದ್ದೆಯಾಗುತ್ತೆ, ಆಗ್ಲಿ. ಅರ್ಧ ಗಂಟೆ ಪಾಠದಲ್ಲಿ ಆಗ್ದಿರೋ ಪರಿಚಯ ಅಲ್ಲಿ ಆಗುತ್ತೆ, ಆದ್ರೆ ಬಕೆಟ್ ಇಳಿಸಿದ ತಕ್ಷಣ ಬ್ಯಾಗಿಂದ ಪುಸ್ತಕ ತೆಗೀಬೇಡಿ, ಅದು ತುಂಬಾ ಕೆಟ್ಟದಾಗಿ ಕಾಣುತ್ತೆ, ಇನ್ನೊಂದಿನ ಬನ್ನಿ.

ನಾಯಿಗಳು. ಮನೆ ತಾರಸಿ ಮೇಲೆ ಒಂದು, ಬಾಗಿಲಲ್ಲಿ ಒಂದು, ಬೀದಿ ತಿರುವಲ್ಲಿ ಒಂದು ಗುಂಪು. ಓಡಿದ್ರೆ ಕೆಟ್ರಿ. ನಿಂತು ಬಗ್ಗಿ ನೆಲದಿಂದ ಕಲ್ಲು ಎತ್ಕೊಳ್ಳೋ ಥರ ಮಾಡಿ, ಕಲ್ಲು ಇಲ್ದಿದ್ರೂ ಪರ್ವಾಗಿಲ್ಲ, ಆ ಬಗ್ಗೋದು ಆ ನಾಯಿಗಳಿಗೆಲ್ಲ ಗೊತ್ತು, ಹಿಂದೆ ಸರಿತವೆ. ಕಚ್ಚಿದ್ರೆ ಮಾತ್ರ ಸೋಪು ನೀರಲ್ಲಿ ಚೆನ್ನಾಗಿ ತೊಳ್ದು ಅವತ್ತೇ ಡಾಕ್ಟರ್ ಹತ್ರ ಹೋಗಿ, ರೇಬಿಸ್ ಜೊತೆ ಆಟ ಬೇಡ.

ಓಡಾಟ ಬಹುತೇಕ ಕಾಲ್ನಡಿಗೆ, ದೂರಕ್ಕೆ ಕೊಂಬಿ, ಅಂದ್ರೆ ಸಣ್ಣ ವ್ಯಾನು, ಒಳಗೆ ನಿಂತ್ರೆ ಎತ್ತರ ಇರೋರ ಕುತ್ತಿಗೆ ಸೊಟ್ಟ. ಇಳಿಬೇಕಾದ್ರೆ ಎಸ್ಕಿನಾ ಬಾಹಾ, ಅಂದ್ರೆ ಮೂಲೇಲಿ ಇಳೀತೀನಿ ಅಂತ ಜೋರಾಗಿ ಕೂಗ್ಬೇಕು, ಮೆಲ್ಲಗೆ ಅಂದ್ರೆ ಮೂರು ಸ್ಟಾಪ್ ಆಚೆ ಇಳೀತೀರಾ. ಕಂಡಕ್ಟರ್ ಪಿಯೆ ದೆರೆಚೊ ಪಿಯೆ ದೆರೆಚೊ ಅಂತ ಕೂಗ್ತಾನೆ, ಬಲಗಾಲು ಮೊದ್ಲು ಅಂತ. ಶುಭಶಕುನಕ್ಕಲ್ಲ ಮಾರಾಯ್ರೆ, ಗಾಡಿ ಪೂರ್ತಿ ನಿಂತಿರಲ್ಲ, ಬಾಗಿಲು ಬಲಗಡೆ, ಎಡಗಾಲು ಮೊದ್ಲಿಟ್ರೆ ಮಗುಚಿ ಬೀಳ್ತೀರಾ. ಚಿಲ್ರೆ ಯಾವಾಗ್ಲೂ ಜೇಬಲ್ಲಿರ್ಲಿ, 100 ಸೋಲ್ ನೋಟು ಕೊಂಬಿಲಿ ಯಾರೂ ಮುಟ್ಟಲ್ಲ, ಅಂಗಡಿಲೂ ಬೆಳಕಿಗೆ ಹಿಡ್ದು ಉಜ್ಜಿ ನೋಡ್ತಾರೆ ಯಾಕಂದ್ರೆ ಕಳ್ಳನೋಟು ಜಾಸ್ತಿ. ನೀವೂ ಹಂಗೇ ನೋಡಿ ತಗೊಳ್ಳಿ, ಯಾರೂ ತಪ್ಪು ತಿಳ್ಕೊಳ್ಳಲ್ಲ. ಫೋನ್ ಬೀದೀಲಿ ಕೈಲಿ ಹಿಡ್ಕೊಂಡು ನಡೀಬೇಡಿ, ಕತ್ತಲಾದ್ಮೇಲಂತೂ ತೆಗೀಲೇಬೇಡಿ.

ರೂಮಿನ ವಿಷ್ಯ. ಬಿಸಿನೀರಿಗೆ ಶವರ್ ತಲೆಗೇ ಕರೆಂಟ್ ಕೊಟ್ಟಿರ್ತಾರೆ, ವೈರ್ ಹೊರಗೆ ನೇತಾಡ್ತಿರುತ್ತೆ, ನೋಡಿದ್ರೆ ಎದೆ ಝಲ್ ಅನ್ನುತ್ತೆ. ರಬ್ಬರ್ ಚಪ್ಪಲಿ ಹಾಕ್ಕೊಂಡೇ ನಿಂತ್ಕೊಳ್ಳಿ, ಒದ್ದೆ ಕೈಲಿ ಮೇಲೆ ಮುಟ್ಬೇಡಿ, ನೀರು ಕಡಿಮೆ ಬಿಟ್ರೆ ಬಿಸಿ ಜಾಸ್ತಿ ಬರುತ್ತೆ. ಬಟ್ಟೆ ಪಿ ಡೇ ದಿನ, ಅಂದ್ರೆ ಸ್ವಂತ ಕೆಲ್ಸಕ್ಕೆ ಅಂತ ವಾರಕ್ಕೊಂದು ಬಿಡೋ ದಿನ, ಟಬ್ಬಲ್ಲಿ ಕೈಲೇ ಒಗೀಬೇಕು, ಬೊಲಿವಾರ್ ಸೋಪ್ ಬಾರ್ ತಗೊಂಡು ಕಾಲರ್ ಉಜ್ಜಿ. ಲಿಮಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲೇ ಕಾಣಲ್ಲ, ಮಳೇನೂ ಬರಲ್ಲ, ಗರುವಾ ಅಂತ ಮಂಜಿನ ತುಂತುರು ಅಷ್ಟೇ, ಒಣಗಾಕಿದ ಶರ್ಟು ಮೂರು ದಿನ ಆದ್ರೂ ತಣ್ಣಗೇ ಇರುತ್ತೆ. ಅದಕ್ಕೆ ಬೆಳಿಗ್ಗೆ ಮೊದಲ ಕೆಲ್ಸ ಬಟ್ಟೆ, ಆಮೇಲೆ ಮನೆಗೆ ವೀಡಿಯೊ ಕಾಲ್. 2019ರ ಫೆಬ್ರವರಿ ತನಕ ವರ್ಷಕ್ಕೆ ಎರಡೇ ಸಲ ಫೋನು, ಕ್ರಿಸ್‌ಮಸ್‌ಗೊಂದು ತಾಯಂದಿರ ದಿನಕ್ಕೊಂದು, ಈಗ ಪ್ರತಿ ವಾರ ಮಾತಾಡ್ಬಹುದು. ಒಳ್ಳೇದೇ, ಆದ್ರೆ ಅರ್ಧ ದಿನ ಅದ್ರಲ್ಲೇ ಕಳೆದ್ರೆ ಮನೆ ನೆನಪು ಇನ್ನೂ ಜಾಸ್ತಿ ಕಾಡುತ್ತೆ, ಟೈಮ್ ಇಟ್ಕೊಂಡು ಮಾತಾಡಿ.

ಕಂಪ್ಯಾನಿಯನ್. ಬಾತ್ರೂಮ್ ಬಿಟ್ರೆ ಎಲ್ಲೂ ಒಬ್ಬರೇ ಇರೋ ಹಾಗಿಲ್ಲ, ಕಣ್ಣಳತೇಲೇ ಇರ್ಬೇಕು. ನಿಮ್ಗೆ ಟ್ರೇನಿಂಗ್ ಕೊಡೋನು ಮಿಷನ್ ಭಾಷೇಲಿ ನಿಮ್ಮಪ್ಪ, ನೀವು ಮಗ, ಮುಂದೆ ನೀವು ಟ್ರೇನ್ ಮಾಡೋ ಹೊಸಬ ಆ ಅಪ್ಪಂಗೆ ಮೊಮ್ಮಗ, ಹೀಗೇ ವಂಶ ಬೆಳೆಯುತ್ತೆ. ಜೊತೆಗಾರ ಪೆರುನವನೋ ಬೊಲಿವಿಯಾದವನೋ ಆದ್ರೆ ಅದೃಷ್ಟ ಅನ್ಕೊಳ್ಳಿ, ಇಂಗ್ಲಿಷ್ ಬರೋ ಇಬ್ರು ಸೇರಿದ್ರೆ ಸ್ಪ್ಯಾನಿಷ್ ಮೂಲೆ ಸೇರುತ್ತೆ. ಅವ್ನು ಇಲ್ಲಿಗೆ ಬರೋಕೆ ಮನೆಯವ್ರು ಎಷ್ಟು ಕಷ್ಟಪಟ್ಟಿದ್ದಾರೋ, ಕೆಲವರು ಚರ್ಚಿನ ಫಂಡ್ ಸಹಾಯದಲ್ಲೇ ಬಂದಿರ್ತಾರೆ, ಹಂಗಾಗಿ ಅಮ್ಮ ಕಳ್ಸಿದ ಪಾರ್ಸೆಲ್ ಒಬ್ರೇ ಮೂಲೇಲಿ ಬಿಚ್ಚಿ ತಿನ್ಬೇಡಿ. ವಾರಕ್ಕೊಮ್ಮೆ ಇಬ್ರೂ ಕೂತು ಏನ್ ಸರಿ ಏನ್ ಬೇಜಾರು ಅಂತ ಮಾತಾಡ್ಕೊಳ್ಳೋ ಪದ್ಧತಿ ಇದೆ, ಅದನ್ನ ಶಾಸ್ತ್ರಕ್ಕೆ ಮಾಡಿ ಮುಗಿಸ್ಬೇಡಿ. ಜಗಳ ಆಗೋದು ದೊಡ್ಡ ವಿಷ್ಯಕ್ಕಲ್ಲ, ಪಾತ್ರೆ ಯಾರು ತೊಳಿಬೇಕು, ರಾತ್ರಿ 10:30 ಆದ್ಮೇಲೂ ಲೈಟ್ ಯಾಕೆ ಉರೀತಿದೆ, 6:30ಕ್ಕೆ ಏಳ್ಬೇಕಾದೋನು ಅಲಾರಾಂ ನಾಲ್ಕು ಸಲ ಯಾಕೆ ಮುಂದೂಡ್ತಾನೆ, ಇಂಥವಕ್ಕೆ. ಆಗ್ಲೇ ಹೇಳ್ಬಿಡಿ, ಒಳಗೇ ಇಟ್ಕೊಂಡು ಹುಳಿ ಬರಿಸ್ಬೇಡಿ.

6 ವಾರಕ್ಕೊಮ್ಮೆ ಕಾಂಬಿಯೊಸ್ ಬರುತ್ತೆ, ಟ್ರಾನ್ಸ್‌ಫರ್. ಹೊರಡೋ ಹಿಂದಿನ ದಿನ ಯಾವ ಮನೇಲಿ ಯಾರಿದ್ದಾರೆ, ಯಾರಿಗೆ ಹುಷಾರಿಲ್ಲ, ಯಾವ ಗೇಟಲ್ಲಿ ಕಚ್ಚೋ ನಾಯಿ ಇದೆ ಅಂತ ಬರೋನಿಗೆ ಬರ್ದಿಡಿ. ಮಮಿತಾಗೆ ಹೇಳದೆ ಹೋಗ್ಬೇಡಿ. ಕರಾವಳಿಯಿಂದ ಬೆಟ್ಟಕ್ಕೆ ಹಾಕಿದ್ರೆ ರಾತ್ರಿ ಬಸ್ಸು, ಕುಸ್ಕೊ ಸುಮಾರು 3,400 ಮೀಟರ್, ಪುನೊ 3,800, ಹತ್ತಿದ ದಿನ ತಲೆ ಸಿಡಿಯುತ್ತೆ, ಎರಡು ಮೆಟ್ಟಿಲಿಗೇ ಉಬ್ಬಸ, ಅದಕ್ಕೆ ಬಸ್ ಹತ್ತೋ ಮುಂಚೆ ಕಡಿಮೆ ತಿನ್ನಿ, ನೀರು ಜಾಸ್ತಿ ಕುಡೀರಿ, ಹೋದ ಮೊದಲೆರಡು ದಿನ ಹೊಸ ಕಂಪ್ಯಾನಿಯನ್‌ಗೆ ನಿಧಾನ ನಡಿ ಅಂತ ನಾಚ್ಕೆ ಬಿಟ್ಟು ಹೇಳಿ, ಮತ್ತೆ ಸ್ವೆಟರ್‌ನ ಸೂಟ್‌ಕೇಸಿಗೆ ಹಾಕಿ ಬಸ್ ಹೊಟ್ಟೆಗೆ ತಳ್ಬೇಡಿ, ನಡುರಾತ್ರಿ ಘಾಟ್ ಮೇಲೆ ಬೇಕು ಅಂದ್ರೆ ಡ್ರೈವರ್ ನಿಲ್ಸಲ್ಲ.