ಹಲವರು ಬಳಸುವ ಟೇಬಲ್ ಸಾ: ಸ್ವಿಚ್ ಒತ್ತುವ ಮುನ್ನ

ಮುಂಬಯಿಯ ಫ್ಲ್ಯಾಟಿನಲ್ಲಿ ಟೇಬಲ್ ಸಾ, ಅಂದರೆ ಮೇಜಿನ ನಡುವಿನಿಂದ ದುಂಡನೆಯ ಬ್ಲೇಡ್ ಮೇಲೆದ್ದಿರುವ ವಿದ್ಯುತ್ ಗರಗಸ, ಇಡಲು ಜಾಗವಿಲ್ಲ, ಅದರ ಸದ್ದನ್ನು ಸೊಸೈಟಿಯವರು ಸಹಿಸುವುದೂ ಇಲ್ಲ. ಹಾಗಾಗಿ ಮರಗೆಲಸದ ಆಸೆಯಿರುವ ನಮ್ಮವರು ಬಾಡಿಗೆ ಕೊಟ್ಟು, ಹಲವರು ಸೇರಿ ಬಳಸುವ ವರ್ಕ್‌ಶಾಪುಗಳಿಗೆ ಹೋಗುತ್ತಾರೆ. ಅಲ್ಲಿನ ಗರಗಸವನ್ನು ನಿಮಗಿಂತ ಮೊದಲು ಬಂದವರು ತಮ್ಮ ಕೆಲಸಕ್ಕೆ ತಕ್ಕಂತೆ ಹೊಂದಿಸಿ ಹೋಗಿರುತ್ತಾರೆ. ಆ ಹೊಂದಿಕೆಯನ್ನು ನಂಬಲೇಬೇಡಿ.

ಮೊದಲು ಪ್ಲಗ್ ಕೀಳಿ. ಬ್ಲೇಡ್ ಬಿಗಿಯಾಗಿದೆಯೇ, ಹಲ್ಲು ಮುರಿದಿದೆಯೇ, ಓರೆಯಾಗಿ ನಿಂತಿದೆಯೇ ನೋಡಿ. ಫೆನ್ಸ್ (ಹಲಗೆಯ ಅಂಚನ್ನು ಆನಿಸಿ ತಳ್ಳಲು ಇರುವ ನೇರ ಕಂಬಿ) ಬ್ಲೇಡಿಗೆ ಸಮಾನಾಂತರವಾಗಿದೆಯೇ ಎಂದು ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ.

ಇನ್ನು ಬ್ಲೇಡಿನ ಹಿಂಬದಿ. ಅಲ್ಲಿ ತೆಳುವಾದ ಉಕ್ಕಿನ ಪಟ್ಟಿಯೊಂದು ನಿಂತಿರಬೇಕು. ಅದೇ ರೈವಿಂಗ್ ನೈಫ್. ನಿಮಿಷಕ್ಕೆ 4000 ಸುತ್ತು ತಿರುಗುವ 10 ಇಂಚಿನ ಬ್ಲೇಡಿನ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೇಳುತ್ತದೆ. ಹಲಗೆ ಆ ಹಿಂದಿನ ಹಲ್ಲಿಗೆ ಸಿಕ್ಕಿತೆಂದರೆ ಎಗರಿ ನಿಮ್ಮ ಹೊಟ್ಟೆಗೇ ಬಡಿಯುತ್ತದೆ. ಮಳೆಗಾಲದ ತೇವ ಕುಡಿದ ಹಲಗೆಯಲ್ಲಂತೂ, ಸೀಳುತ್ತಿದ್ದಂತೆಯೇ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚಬಹುದು. ಆ ಸೀಳು ಮುಚ್ಚದಂತೆ ತಡೆಯುವುದೇ ಈ ಪಟ್ಟಿ. ಯಾರಾದರೂ ಬಿಚ್ಚಿಟ್ಟಿದ್ದರೆ ಹುಡುಕಿ ಜೋಡಿಸಿ, ಆಮೇಲೆ ಮುಂದಿನ ಮಾತು.

ಪ್ಲೈವುಡ್ ಹಲಗೆಯ ಅಡಿಗೆ ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸವನ್ನು ತಲೆಕೆಳಗಾಗಿ ಬಿಗಿದು ಮಾಡಿದ ಟೇಬಲ್‌ಗಳೂ ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಈ ಪಟ್ಟಿಯಾಗಲೀ ಬ್ಲೇಡನ್ನು ಮುಚ್ಚುವ ಮೇಲಿನ ಗಾರ್ಡ್ ಆಗಲೀ ಇರುವುದಿಲ್ಲ. ನುರಿತ ಬಡಗಿಗಳು ಅದರಲ್ಲೇ ದುಡಿಯುತ್ತಾರೆ, ನಿಜ. ಹೊಸಬರು ಅದನ್ನು ಮುಟ್ಟಬಾರದು.

ಕೈಗವಸು ಬೇಡ, ಬ್ಲೇಡಿಗೆ ಸಿಕ್ಕರೆ ಕೈಯನ್ನೂ ಎಳೆದೊಯ್ಯುತ್ತದೆ. ದುಪಟ್ಟಾ, ಬಳೆ, ಕೊರಳಿನ ಐಡಿ ಕಾರ್ಡ್ ತೆಗೆದಿಡಿ. ಕನ್ನಡಕ ಮತ್ತು ಮಾಸ್ಕ್ ಕಡ್ಡಾಯ. ಹಳೆಯ ಬಾಗಿಲಿನ ಸಾಗುವಾನಿಯಾದರೆ ಮೊಳೆಗಳನ್ನು ಪೂರ್ತಿ ಕೀಳಿ.

ಬ್ಲೇಡ್ ಮರಕ್ಕಿಂತ ತುಸು ಮಾತ್ರ ಮೇಲಿರಲಿ. ಅದರ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಿ. ಹಲಗೆಯ ನೇರವಾದ ಅಂಚನ್ನೇ ಫೆನ್ಸಿಗೆ ತಾಗಿಸಿ. ಬ್ಲೇಡಿಗೂ ಫೆನ್ಸಿಗೂ ನಡುವೆ 15 ಸೆಂಟಿಮೀಟರಿಗಿಂತ ಕಡಿಮೆ ಜಾಗವಿದ್ದರೆ ಕೈಯಿಂದಲ್ಲ, ಪುಷ್ ಸ್ಟಿಕ್ ಎಂಬ ತಳ್ಳುಕೋಲಿನಿಂದಲೇ ತಳ್ಳಿ. ಚೂರು ಬಿದ್ದರೆ ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕೈ ಚಾಚಬೇಡಿ. ಕೊಯ್ಯುತ್ತಿರುವವರನ್ನು ಯಾರೂ ಹಿಂದಿನಿಂದ ಕರೆಯಬಾರದು, ಭುಜ ಮುಟ್ಟಬಾರದು. ಇದನ್ನು ಮೊದಲೇ ಎಲ್ಲರೊಡನೆ ಮಾತಾಡಿಕೊಳ್ಳಿ.

ವಿದ್ಯುತ್ ಹೋಗಿ ಬಂದಾಗ ಯಂತ್ರ ತಾನಾಗಿಯೇ ತಿರುಗತೊಡಗಿದರೆ ಅದರ ಸ್ವಿಚ್ ಬದಲಿಸುವಂತೆ ಮಾಲೀಕರಿಗೆ ಪಟ್ಟುಹಿಡಿದು ಹೇಳಿ.

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿಹಿಡಿದು 108ಕ್ಕೆ ಕರೆ ಮಾಡಿ. ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು.

ಕೆಲಸ ಮುಗಿದ ಮೇಲೆ ಬ್ಲೇಡನ್ನು ಮೇಜಿನ ಕೆಳಗೆ ಇಳಿಸಿ, ಗಾರ್ಡ್ ಹಾಕಿ. ಏನಾದರೂ ಕೆಟ್ಟಿದ್ದರೆ ಪ್ಲಗ್ಗಿಗೆ ಚೀಟಿ ಕಟ್ಟಿ. ಮರಾಠಿ, ಹಿಂದಿ ಎರಡರಲ್ಲೂ ಬರೆಯಿರಿ.