ಹಡಗಿನ ಮದುವೆಯನ್ನು ನಾನು ಹೊಂದಿಸಿದ ಬಗೆ

ಬೆಂಗಳೂರಿನ ಛತ್ರಗಳಲ್ಲಿ ಮದುವೆಗಳ ಮೇಲ್ವಿಚಾರಣೆ ನೋಡಿಕೊಳ್ಳುವುದು ನನ್ನ ವೃತ್ತಿ. ಅಡುಗೆಯವರು, ಓಲಗದವರು, ಹೂವಿನವರು, ಪುರೋಹಿತರು ಇವರೆಲ್ಲರ ನಡುವೆ ಓಡಾಡಿ ಕೆಲಸ ಹೊಂದಿಸುವುದು ನನಗೆ ಹೊಸತಲ್ಲ. ಆದರೆ ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಹಿಂದಿರುಗುವ ಕ್ರೂಸ್ ಹಡಗಿನಲ್ಲಿ ಮದುವೆ ಆಗಬೇಕೆಂದು ಒಂದು ಕುಟುಂಬ ಕೇಳಿಕೊಂಡಾಗ, ಛತ್ರದಲ್ಲಿ ಕಲಿತ ಲೆಕ್ಕಗಳಲ್ಲಿ ಅರ್ಧದಷ್ಟು ಅಲ್ಲಿ ಕೆಲಸಕ್ಕೆ ಬರುವುದಿಲ್ಲವೆಂಬುದು ಬೇಗನೆ ಗೊತ್ತಾಯಿತು. ಹುಡುಗನ ಮನೆಯವರು ಬೆಂಗಳೂರಿನವರು. ಹುಡುಗಿಯ ಮನೆಯವರು ಮೂರು ತಲೆಮಾರುಗಳಿಂದ ಮುಂಬೈಯ ಮಾಟುಂಗಾದಲ್ಲಿ ನೆಲೆಸಿದ ಕನ್ನಡಿಗರು. ಎರಡೂ ಕಡೆಯ ಹತ್ತಿರದ ನಂಟರು ಒಂದೇ ಕಡೆ ಒಂದೆರಡು ದಿನ ನೆಮ್ಮದಿಯಾಗಿ ಕಳೆಯಬೇಕೆಂಬುದು ಹುಡುಗಿಯ ಆಸೆಯಾಗಿತ್ತು.

ಎಲ್ಲರೂ ಮೊದಲು ಕೇಳಿದ ಪ್ರಶ್ನೆ, ಹಡಗಿನ ಕ್ಯಾಪ್ಟನ್ ಮದುವೆ ಮಾಡಿಸಿದರೆ ಅದು ಸಿಂಧುವಾಗುತ್ತದೆಯೇ ಎಂಬುದು. ಸಿನಿಮಾಗಳಿಂದ ಬಂದ ಈ ನಂಬಿಕೆಗೆ ಸ್ವಲ್ಪ ಆಧಾರವಿದೆ, ಆದರೆ ಅದು ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನು ಅವಲಂಬಿಸಿದ ಮಾತು. ಬರ್ಮುಡಾ, ಮಾಲ್ಟಾದಂಥ ಕಡೆಗಳ ಕಾನೂನು ಕ್ಯಾಪ್ಟನ್‌ಗೆ ಆ ಅಧಿಕಾರವನ್ನು ಕೊಡುತ್ತದೆ. ಬ್ರಿಟನ್ನಿನ ಕಾನೂನು ಕೊಡುವುದಿಲ್ಲ. ಕ್ಯುನಾರ್ಡ್ ಕಂಪನಿಯು 2011ರಲ್ಲಿ ಕ್ವೀನ್ ಮೇರಿ 2 ಸೇರಿದಂತೆ ತನ್ನ ಮೂರೂ ಹಡಗುಗಳ ನೋಂದಣಿಯನ್ನು ಬ್ರಿಟನ್ನಿನಿಂದ ಬರ್ಮುಡಾಕ್ಕೆ ಬದಲಾಯಿಸಿದಾಗ, ಸಮುದ್ರದ ನಡುವೆ ಮದುವೆ ಮಾಡಿಸುವ ಅವಕಾಶವನ್ನೂ ಒಂದು ಕಾರಣವಾಗಿ ಹೇಳಿತ್ತು. ನಮ್ಮ ಎರಡು ಕುಟುಂಬಗಳಿಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ಅದರಲ್ಲಿ ಕ್ಯಾಪ್ಟನ್‌ಗೆ ಯಾವ ಪಾತ್ರವೂ ಇಲ್ಲ. ಅದರ 7ನೆಯ ಕಲಮಿನ ಪ್ರಕಾರ ವಧೂವರರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿಗಳಿಂದ ಮದುವೆ ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಇದ್ದರೆ, ಪವಿತ್ರಾಗ್ನಿಯ ಎದುರಿನಲ್ಲಿ ಇಬ್ಬರೂ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಅಗ್ನಿಯ ಮಾತು ಶಾಸ್ತ್ರದಲ್ಲಷ್ಟೇ ಅಲ್ಲ, ಕಾಯ್ದೆಯಲ್ಲೂ ಇದೆ ಎಂಬುದನ್ನು ಓದಿದ ಮೇಲೆ ನನಗೆ ನಿಜವಾದ ತೊಡಕು ಎಲ್ಲಿದೆಯೆಂದು ಕಂಡಿತು.

ಪ್ರಯಾಣಿಕರ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಕ್ಯಾಬಿನ್ನಿನಲ್ಲಿ ಮೇಣದ ಬತ್ತಿಯಾಗಲಿ ಊದುಬತ್ತಿಯಾಗಲಿ ಹಚ್ಚುವಂತಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸಹ ಸಾಮಾನು ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಸಮಿತ್ತು, ತುಪ್ಪ, ಕರ್ಪೂರಗಳೊಂದಿಗೆ ಹೋಮಕುಂಡ ಇಡುತ್ತೇವೆಂದರೆ ಹಡಗಿನ ಸುರಕ್ಷತಾ ಅಧಿಕಾರಿ ಏನು ಹೇಳಬಹುದೆಂಬುದನ್ನು ಊಹಿಸಲು ಕಷ್ಟವಿಲ್ಲ. ಹಡಗು ಬಂದರಿನಲ್ಲಿ ಕಟ್ಟಿದ್ದಾಗ, ಮೇಲಿನ ತೆರೆದ ಡೆಕ್ಕಿನಲ್ಲಿ ಅಗ್ನಿಶಾಮಕ ಸಿಬ್ಬಂದಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸಣ್ಣ ಪ್ರಮಾಣದಲ್ಲಿ ಹೋಮ ಮಾಡಲು ಲಿಖಿತ ಒಪ್ಪಿಗೆ ದೊರೆತರೆ ಅದೊಂದು ದಾರಿ. ದೀಪದ ಆಕಾರದ ವಿದ್ಯುತ್ ಬಲ್ಬು ಹಚ್ಚಿ ಅದನ್ನೇ ಅಗ್ನಿಯೆಂದು ಭಾವಿಸುವುದು ಇನ್ನೊಂದು. ಈ ಎರಡನೆಯದನ್ನು ನಾನು ಆರಂಭದಲ್ಲೇ ತಳ್ಳಿಹಾಕಿದೆ. ವಿಧಿಗಳು ನಡೆಯದೆ ಬರಿಯ ನೋಂದಣಿ ಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರಲ್ಲಿ ಸ್ಪಷ್ಟವಾಗಿ ಹೇಳಿರುವಾಗ, ನಾಳೆ ಯಾರೋ ಪ್ರಶ್ನಿಸಬಹುದಾದ ಮದುವೆಯನ್ನು ಮಾಡಿಸುವುದು ಯಾವ ವ್ಯವಸ್ಥಾಪಕನಿಗೂ ಒಳ್ಳೆಯದಲ್ಲ. ಹುಡುಗನ ಕಡೆಯ ಪುರೋಹಿತರು ಇದನ್ನೇ ಇನ್ನೂ ಸರಳವಾಗಿ ಹೇಳಿದರು: "ನೋಡಿ, ಸಂಕಲ್ಪ ಮಾಡುವಾಗ ಗೋದಾವರಿಯ ಯಾವ ದಡದಲ್ಲಿ ಕೂತಿದ್ದೇವೆಂದು ಹೇಳಬೇಕು. ಓಡುವ ಹಡಗಿನಲ್ಲಿ ಕೂತು ನಾನು ಏನು ಹೇಳಲಿ?"

ಹಾಗಾಗಿ ಧಾರೆ, ಲಾಜಹೋಮ, ಸಪ್ತಪದಿಗಳನ್ನು ಮಾಟುಂಗಾದ ಒಂದು ಸಭಾಭವನದಲ್ಲಿ ಮುಗಿಸಿ, ಮರುದಿನ ಹಡಗು ಹತ್ತುವುದೆಂದು ತೀರ್ಮಾನಿಸಿದೆವು. ಅದೇ ದಿನ ಮಧ್ಯಾಹ್ನ ಹತ್ತಬಹುದಲ್ಲವೇ ಎಂದು ಹುಡುಗನ ತಂದೆ ಕೇಳಿದರು. ಹಡಗು ಸಂಜೆ ಹೊರಡುತ್ತದೆಂದರೂ ಪ್ರಯಾಣಿಕರ ತಪಾಸಣೆ ಅದಕ್ಕೆ ಎಷ್ಟೋ ಹೊತ್ತು ಮೊದಲೇ ಮುಚ್ಚುತ್ತದೆ. ಧಾರೆ ಸ್ವಲ್ಪ ಹಿಂದೆ ಮುಂದೆ ಆದರೂ ಎಲೆ ಊಟ ತಡವಾಗುತ್ತದೆ, ಊಟ ತಡವಾದರೆ ಬಸ್ಸು ತಡವಾಗುತ್ತದೆ, ಮಾಟುಂಗಾದಿಂದ ಬ್ಯಾಲಾರ್ಡ್ ಪಿಯರ್‌ವರೆಗಿನ ಮುಂಬೈ ಸಂಚಾರವನ್ನು ಯಾವ ಪಂಚಾಂಗವೂ ಹೇಳಲಾರದು. ಛತ್ರದಲ್ಲಿ ಮುಹೂರ್ತಕ್ಕಾಗಿ ಎಲ್ಲರೂ ಕಾಯುತ್ತಾರೆ, ಹಡಗು ಯಾರಿಗೂ ಕಾಯುವುದಿಲ್ಲ.

ಮುಹೂರ್ತದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಬೆಂಗಳೂರಿನ ಪಂಚಾಂಗದಲ್ಲಿ ಅಚ್ಚಾದ ಲಗ್ನದ ಸಮಯವನ್ನು ಮುಂಬೈಯಲ್ಲಿ ಹಾಗೆಯೇ ಬಳಸುವಂತಿಲ್ಲ. ಎರಡೂ ಊರುಗಳ ರೇಖಾಂಶದಲ್ಲಿ ಐದು ಡಿಗ್ರಿಗೆ ಸ್ವಲ್ಪ ಕಡಿಮೆ ಅಂತರವಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 19 ನಿಮಿಷಗಳ ವ್ಯತ್ಯಾಸ ಅದರಿಂದಲೇ ಬರುತ್ತದೆ, ಅಕ್ಷಾಂಶವನ್ನು ಗಣನೆಗೆ ತೆಗೆದುಕೊಂಡರೆ ಚಳಿಗಾಲದ ಸೂರ್ಯೋದಯ ಇನ್ನಷ್ಟು ಹಿಂದೆ ಬೀಳುತ್ತದೆ. ಪುರೋಹಿತರು ಮುಂಬೈಗೆ ಬೇರೆಯಾಗಿ ಗಣಿತ ಮಾಡಿಯೇ ಸಮಯ ಕೊಟ್ಟರು. ತಿಂಗಳನ್ನು ಆರಿಸುವಾಗ ಮಾತ್ರ ಸಮುದ್ರವೂ ಪಂಚಾಂಗವೂ ಆಶ್ಚರ್ಯಪಡುವಷ್ಟು ಹೊಂದಿಕೊಂಡವು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರ ವಿಹಾರಕ್ಕೆ ಯೋಗ್ಯವಲ್ಲ, ಆಷಾಢದಲ್ಲಿ ನಮ್ಮವರು ಮದುವೆಯನ್ನೂ ಮಾಡುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ ಬಿಟ್ಟರೆ ಉಳಿಯುವ ಮಾಘದಲ್ಲಿ ನೀರು ಶಾಂತವಾಗಿರುತ್ತದೆ, ಸೆಕೆಯೂ ಹೆಚ್ಚಿರುವುದಿಲ್ಲ.

ಇಷ್ಟೆಲ್ಲ ಹೊಂದಿಸಿದ ಮೇಲೆ ನನ್ನ ಹೆಚ್ಚಿನ ಶ್ರಮ ಹಿಡಿದದ್ದು ಹಾಸಿಗೆಗಳ ಲೆಕ್ಕ. ಛತ್ರದಲ್ಲಿ ಖರ್ಚನ್ನು ಎಲೆಯ ಮೇಲೆ ಎಣಿಸುತ್ತೇವೆ. ಐನೂರು ಎಲೆ ಎಂದುಕೊಂಡಿದ್ದಲ್ಲಿ ಐನೂರ ಐವತ್ತು ಜನ ಬಂದರೂ ಅಡುಗೆಯವರು ಸಾರಿಗೆ ನೀರು ಸೇರಿಸಿ ಮರ್ಯಾದೆ ಉಳಿಸುತ್ತಾರೆ. ಹಡಗಿನಲ್ಲಿ ಎಣಿಕೆ ಹಾಸಿಗೆಯದು. ದರವನ್ನು ಒಂದು ಕ್ಯಾಬಿನ್ನಿಗೆ ಇಬ್ಬರೆಂದು ಹಿಡಿದು ಹೇಳುತ್ತಾರೆ. ಒಬ್ಬರೇ ಇದ್ದರೆ ತಲಾ ವೆಚ್ಚ ಏರುತ್ತದೆ, ಮೂರನೆಯವರಿಗೂ ನಾಲ್ಕನೆಯವರಿಗೂ ರೈಲಿನಲ್ಲಿರುವಂತೆ ಗೋಡೆಯಿಂದ ಬಿಡಿಸುವ ಮೇಲಿನ ಬರ್ತ್ ಸಿಗುತ್ತದೆ. ಅಲ್ಲಿಗೆ ಅಜ್ಜಿಯರು ಹತ್ತಲಾರರು. ಮದುವೆಗೆಂದು ಬರುವ ಪುರೋಹಿತರು, ಫೋಟೋ ತೆಗೆಯುವವರು, ಜಡೆ ಹಾಕಿ ಸೀರೆ ಉಡಿಸುವ ಹೆಂಗಸು, ಎಲ್ಲರಿಗೂ ಒಂದೊಂದು ಹಾಸಿಗೆ ಬೇಕು. ಆದ್ದರಿಂದ ಓಲಗದವರನ್ನು ಧಾರೆಗೆ ಮಾತ್ರ ಕರೆದು ಕಳುಹಿಸಿದೆವು. ಸುಮಾರು ನೂರಿಪ್ಪತ್ತು ಜನರ ಪಟ್ಟಿಯನ್ನು ಕ್ಯಾಬಿನ್ನುಗಳಿಗೆ ಹಂಚುವಾಗ ಯಾರ ಜೊತೆ ಯಾರು ಎಂಬುದು ಜಾತಕ ಕೂಡಿಸುವುದಕ್ಕಿಂತ ನಾಜೂಕಾದ ಕೆಲಸವಾಯಿತು. ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ಇಬ್ಬರು ಓರಗಿತ್ತಿಯರನ್ನು ಎದುರುಬದುರು ಕ್ಯಾಬಿನ್ನುಗಳಿಂದಲೂ ತಪ್ಪಿಸಬೇಕಾಯಿತು. ಹುಡುಗಿಯ ಸೋದರತ್ತೆಯನ್ನು ನಾನೇ ಕೂರಿಸಿಕೊಂಡು ಪಟ್ಟಿ ಓದಿದೆ. "ಈ ಹೆಸರು ಇಲ್ಲಿ ಬೇಡಪ್ಪ, ಯಾಕೆ ಅಂತ ಕೇಳಬೇಡ" ಎಂದು ಅವರು ಬೆರಳಿಟ್ಟ ಕಡೆಯೆಲ್ಲ ಬದಲಾಯಿಸಿದೆ, ಕಾರಣ ಕೇಳಲಿಲ್ಲ.

ಹೆಸರುಗಳ ಪಟ್ಟಿಗೆ ಒಂದು ಕಡೆಯ ದಿನವಿರುತ್ತದೆ. ಗುರುತಿನ ಚೀಟಿಯಲ್ಲಿರುವ ಕಾಗುಣಿತದಂತೆಯೇ ಹೆಸರು ಕೊಡಬೇಕು. ಆಮಂತ್ರಣ ಪತ್ರಿಕೆಯಲ್ಲಿ ಬರೆಯುವ ಪ್ರೀತಿಯ ಹೆಸರುಗಳು ನಡೆಯುವುದಿಲ್ಲ. ಬಸುರಿಯರಿಗೆ ಸಾಮಾನ್ಯವಾಗಿ 24 ವಾರಗಳವರೆಗೆ ಮಾತ್ರ ಪ್ರಯಾಣಕ್ಕೆ ಅವಕಾಶವಿರುತ್ತದೆ, ತೀರ ಎಳೆಯ ಮಕ್ಕಳಿಗೂ ವಯಸ್ಸಿನ ಮಿತಿಯಿದೆ. ಹುಡುಗನ ಅಕ್ಕನಿಗೆ ಏಳು ತಿಂಗಳು ತುಂಬಿದ್ದರಿಂದ ಅವರು ಧಾರೆ ನೋಡಿ ಮನೆಗೆ ಹಿಂದಿರುಗಿದರು. ಧಾರೆಯನ್ನು ನೆಲದ ಮೇಲೆ ಇಟ್ಟುಕೊಂಡದ್ದರ ದೊಡ್ಡ ಅನುಕೂಲ ಇದೇ. ಹಡಗಿಗೆ ಬರಲಾಗದವರು ಮದುವೆಯಿಂದ ಹೊರಗುಳಿಯಲಿಲ್ಲ.

ಹತ್ತುವ ದಿನದ ಒಂದು ಸಣ್ಣ ಸಂಗತಿಯನ್ನು ನಾನು ಎಲ್ಲರಿಗೂ ಮುಂಚೆಯೇ ಬರೆದು ಕಳುಹಿಸಿದ್ದೆ: ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ಕ್ಯಾಬಿನ್ನಿನ ಬಾಗಿಲಿಗೆ ಬರಲು ಹಲವು ಗಂಟೆಗಳಾಗಬಹುದು, ಆದ್ದರಿಂದ ಒಡವೆ, ಆರತಕ್ಷತೆಯ ಸೀರೆ, ಮಾತ್ರೆಗಳು ಕೈಚೀಲದಲ್ಲೇ ಇರಲಿ. ಹೊರಡುವ ಮುನ್ನ ತುರ್ತು ಸಂದರ್ಭದ ತಾಲೀಮಿಗೆ ಪ್ರತಿಯೊಬ್ಬರೂ ಹಾಜರಾಗಲೇಬೇಕು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿದ ನಂತರ ಈ ನಿಯಮ ಬಿಗಿಯಾಗಿದ್ದು, ಮದುಮಗಳಿಗೂ ವಿನಾಯಿತಿಯಿಲ್ಲ. ಆ ಹೊತ್ತಿಗೆ ಅಲಂಕಾರವನ್ನಾಗಲಿ ಕಾರ್ಯಕ್ರಮವನ್ನಾಗಲಿ ಇಟ್ಟುಕೊಳ್ಳದೆ, ಮೊದಲ ಸಂಜೆಯನ್ನು ಅಂತ್ಯಾಕ್ಷರಿಗೂ ಹರಟೆಗೂ ಬಿಟ್ಟೆವು. ತೀರ ದೂರವಾದಂತೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಡಗಿನ ವೈಫೈಗೆ ಬೇರೆ ದುಡ್ಡು. ವಾಟ್ಸಾಪ್ ಗುಂಪನ್ನು ನಂಬಿಕೊಳ್ಳದೆ, ಯಾವ ಹೊತ್ತಿಗೆ ಯಾವ ಡೆಕ್ಕಿನಲ್ಲಿ ಸೇರಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಕ್ಯಾಬಿನ್ನಿಗೊಂದರಂತೆ ಹಂಚಿದೆ. ವಯಸ್ಸಾದವರಿಗೆ ಹಡಗಿನ ನಡುಭಾಗದ ಕೆಳಗಿನ ಡೆಕ್ಕುಗಳಲ್ಲಿ ಕ್ಯಾಬಿನ್ ಕೇಳಿ ಪಡೆದಿದ್ದೆವು, ತೂಗಾಟ ಅಲ್ಲಿ ಕಡಿಮೆ.

ಅಲಂಕಾರದವರಿಗೆ ಇಲ್ಲಿ ಹೊಸ ಪಾಠ ಬೇಕಾಗುತ್ತದೆ. ಗಂಟೆಗೆ ಮೂವತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಸಾಗುವ ಹಡಗಿನ ತೆರೆದ ಡೆಕ್ಕಿನಲ್ಲಿ, ಎದುರುಗಾಳಿಯೂ ಸೇರಿದರೆ, ಬಟ್ಟೆಯ ಚಪ್ಪರ ನಿಲ್ಲುವುದಿಲ್ಲ. ಮೊಳೆ ಹೊಡೆಯುವಂತಿಲ್ಲ, ಥರ್ಮೋಕೋಲಿನಂಥ ಬೇಗ ಹೊತ್ತಿಕೊಳ್ಳುವ ಸಾಮಗ್ರಿ ತರುವಂತಿಲ್ಲ. ಆದರೆ ಕ್ಯಾಬಿನ್ನಿನ ಗೋಡೆ, ಬಾಗಿಲುಗಳು ಹೆಚ್ಚಾಗಿ ಉಕ್ಕಿನ ತಗಡಿನವು, ಅಯಸ್ಕಾಂತವನ್ನು ಹಿಡಿದುಕೊಳ್ಳುತ್ತವೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಅಯಸ್ಕಾಂತದ ಕೊಕ್ಕೆಗಳಿಗೆ ಬಟ್ಟೆಯ ಮಾವಿನೆಲೆ ತೋರಣ ಕಟ್ಟಿ ನಮ್ಮವರ ಬಾಗಿಲುಗಳಿಗೆಲ್ಲ ಹಾಕಿದೆವು. ಒಂದೇ ತೆರನಾದ ಉದ್ದನೆಯ ಓಣಿಯಲ್ಲಿ ತಮ್ಮ ಬಾಗಿಲನ್ನು ಗುರುತಿಸಲು ಹಿರಿಯರಿಗೆ ಅದು ಅಲಂಕಾರಕ್ಕಿಂತ ಹೆಚ್ಚಿನ ಉಪಕಾರ ಮಾಡಿತು. ಕಲಶವನ್ನು ಕಂಠದವರೆಗೆ ತುಂಬದೆ, ತಟ್ಟೆಯ ಅಕ್ಕಿಯಲ್ಲಿ ಆಳವಾಗಿ ಕೂರಿಸಿದೆವು. ಆರತಿಗೆ ಬೆಂಕಿ ಬೇಡವೆಂಬ ಉಪಾಯ ಹೇಳಿದವರು ಹುಡುಗಿಯ ಅಜ್ಜಿ. ಅರಿಶಿನಕ್ಕೆ ಸುಣ್ಣ ಕದಡಿದ ಕೆಂಪು ನೀರನ್ನು ತಟ್ಟೆಯಲ್ಲಿ ಹಿಡಿದು, ಬತ್ತಿ ಹಚ್ಚದೆಯೇ ದೃಷ್ಟಿ ನಿವಾಳಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆಯಲ್ಲವೇ! ರತ್ನಗಂಬಳಿಯ ಮೇಲೆ ಕಲೆಯಾಗದಂತೆ ನೋಡಿಕೊಂಡರಾಯಿತು.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೊರಗಿನ ಅಡುಗೆಯನ್ನು ಒಳಗೆ ಬಿಡುವುದಿಲ್ಲ, ಹಡಗಿನ ಅಡುಗೆಮನೆಯಲ್ಲಿ ಗ್ಯಾಸ್ ಜ್ವಾಲೆಯ ಬದಲು ವಿದ್ಯುತ್ ತಟ್ಟೆಗಳಿರುತ್ತವೆ. ಎಲೆ ಊಟ, ಹೋಳಿಗೆ, ಚಿರೋಟಿಗಳನ್ನು ಮಾಟುಂಗಾದಲ್ಲೇ ಬಡಿಸಿ ತೃಪ್ತಿಪಟ್ಟು, ಹಡಗಿನ ಬಾಣಸಿಗರಿಗೆ ಬಿಸಿಬೇಳೆಬಾತು ಮತ್ತು ಕೋಸಂಬರಿಯ ವಿವರ ಮಾತ್ರ ಬರೆದುಕೊಟ್ಟೆ. ಕೋಸಂಬರಿ ಚೆನ್ನಾಗಿ ಬಂತು. ಬಿಸಿಬೇಳೆಬಾತಿಗೆ ಅವರು ಗರಂ ಮಸಾಲೆ ಹಾಕಿದ್ದರು. ನಂಟರಿಗೆ ಎರಡು ದಿನದ ಮಾತಿಗೆ ಅದೊಂದು ವಿಷಯವಾಯಿತು.

ಎರಡನೆಯ ದಿನ ಗೋವಾದಲ್ಲಿ ಇಳಿದು ಹತ್ತಿದ ಮೇಲೆ, ಸಂಜೆ ಒಳಗಿನ ಸಭಾಂಗಣದಲ್ಲಿ ಆರತಕ್ಷತೆ ಮತ್ತು ಉರುಟಣೆ ನಡೆದವು. ಸಭಾಂಗಣವನ್ನು ಗಂಟೆಯ ಲೆಕ್ಕದಲ್ಲಿ ಕೊಡುತ್ತಾರೆ, ಮುಂದಿನ ಕಾರ್ಯಕ್ರಮಕ್ಕೆ ಬಿಟ್ಟುಕೊಡಲೇಬೇಕು. ಆದರೂ ಛತ್ರದ ಆರತಕ್ಷತೆಯ ಉದ್ದನೆಯ ಸಾಲು ಇಲ್ಲದ್ದರಿಂದ, ವಧೂವರರು ವೇದಿಕೆಯ ಮೇಲೆ ನಿಂತು ನಿಂತು ಬಳಲದೆ ಎಲ್ಲರ ನಡುವೆ ಕುಳಿತು ಆಡಿದರು. ನನ್ನ ವೃತ್ತಿಯಲ್ಲಿ ಇಂಥ ಆರತಕ್ಷತೆ ಅಪರೂಪ.

ಅರುಂಧತಿ ದರ್ಶನವನ್ನು ನಾವು ಉದ್ದೇಶಪೂರ್ವಕವಾಗಿಯೇ ಹಡಗಿಗೆ ಉಳಿಸಿಕೊಂಡಿದ್ದೆವು. ಛತ್ರದಲ್ಲಿ ಹಾಡುಹಗಲಿನಲ್ಲಿ ಸೂರಿನತ್ತ ಕೈತೋರಿಸಿ ಮುಗಿಸುವ ಶಾಸ್ತ್ರವದು. ಮಾಘದಲ್ಲಿ ಸಪ್ತರ್ಷಿ ಮಂಡಲ ಈಶಾನ್ಯದಲ್ಲಿ ಚೆನ್ನಾಗಿ ಮೇಲೇರಲು ನಡುರಾತ್ರಿ ಸಮೀಪಿಸುತ್ತದೆ. ಡೆಕ್ಕಿನ ದೀಪಗಳು ಅಡ್ಡಿಯಾಗುತ್ತವೆಂದು ಹಗಲೇ ಹೋಗಿ ನೋಡಿಕೊಂಡು, ದೀಪಗಂಬಗಳಿಗೆ ಮರೆಯಾದ ಒಂದು ಮೂಲೆಯನ್ನು ಆರಿಸಿದ್ದೆ. ಪುರೋಹಿತರು ವಸಿಷ್ಠ ನಕ್ಷತ್ರವನ್ನು ತೋರಿಸಿ, ಅದರ ಮಗ್ಗುಲಲ್ಲಿ ಮಂಕಾಗಿರುವುದೇ ಅರುಂಧತಿ ಎಂದಾಗ ಹುಡುಗಿಗೆ ಕಂಡಿತು. ಕನ್ನಡಕ ಕ್ಯಾಬಿನ್ನಿನಲ್ಲಿ ಬಿಟ್ಟುಬಂದಿದ್ದ ಹುಡುಗ ಅದನ್ನು ತರಲು ಐದು ಡೆಕ್ಕು ಇಳಿದು ಹತ್ತಿದ.

ಇಳಿಯುವ ಹಿಂದಿನ ರಾತ್ರಿಯೇ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ಬೇಗ ಕ್ಯಾಬಿನ್ ತೆರವು ಮಾಡಬೇಕು. ಹಡಗಿನೊಳಗಿನ ಖರ್ಚೆಲ್ಲ ಕ್ಯಾಬಿನ್ನಿನ ಖಾತೆಗೆ ಬೀಳುವುದರಿಂದ, ಯಾವುದನ್ನು ಮದುವೆಯ ಮನೆಯವರು ಕೊಡುತ್ತಾರೆ, ಯಾವುದನ್ನು ಅವರವರೇ ಕೊಡಬೇಕು ಎಂಬುದನ್ನು ನಾನು ಮುಂಗಡ ಕಟ್ಟುವಾಗಲೇ ಎರಡೂ ಕಡೆಯ ಹಿರಿಯರ ಎದುರಿಗೆ ಬರೆಸಿಕೊಂಡಿದ್ದೆ. ಬಾರಿನ ಬಿಲ್ಲು ಯಾರದ್ದೆಂಬ ಚರ್ಚೆ ಬೀಗರ ನಡುವೆ ಹುಟ್ಟಬಾರದು. ನೋಂದಣಿಯನ್ನು ಬೆಂಗಳೂರಿನಲ್ಲಿ, ಹುಡುಗನ ವಾಸಸ್ಥಳದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸಿದೆವು. ಆಮಂತ್ರಣ ಪತ್ರಿಕೆಯಲ್ಲಿ ವಿವಾಹದ ಸ್ಥಳವಾಗಿ ಮಾಟುಂಗಾದ ಸಭಾಭವನವನ್ನು ಮಾತ್ರ ಅಚ್ಚು ಹಾಕಿಸಿ, ಹಡಗಿನ ಕಾರ್ಯಕ್ರಮಕ್ಕೆ ಬೇರೆಯೇ ಒಂದು ಚೀಟಿ ಇಟ್ಟಿದ್ದೆ. ಪತ್ರಿಕೆಯನ್ನೂ ಸಪ್ತಪದಿಯ ಫೋಟೋವನ್ನೂ ನೋಡಿದ ಗುಮಾಸ್ತರು ಹೆಚ್ಚಿನದೇನನ್ನೂ ಕೇಳಲಿಲ್ಲ.